ಮಹಿಳಾ ಕಾಲೇಜಿನಲ್ಲಿ ಓದಿದರೆ ಹಿಂದುಳಿಯುತ್ತೇನೆಯೇ?

ಪ್ರಶ್ನೆ: ನಾನು ಬಂಗಾರಪೇಟೆ ತಾಲ್ಲೂಕಿನವಳು. ವಾಣಿಜ್ಯ ವಿಭಾಗದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ, ಸಿ.ಎ. ಆಗುವ ಆಸೆಯಿದೆ. ಕೆ.ಆರ್. ಪುರದ ಖಾಸಗಿ ಕಾಲೇಜೊಂದರಲ್ಲಿ ಬಿ.ಕಾಂ. ಸೀಟು ಸಿಕ್ಕಿದೆ. ಆದರೆ ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿಗಾದರೆ ಮಾತ್ರ ಕಳಿಸುತ್ತೇನೆ ಎಂದು ಅಪ್ಪ ಪಟ್ಟು ಹಿಡಿದಿದ್ದಾರೆ. ಅಲ್ಲಿ ಓದಿದರೆ ಗಂಡಸರೆದುರು ಬಾಯಿ ಬಾರದೆ ಕೆಲಸದಲ್ಲಿ ಹಿಂದುಳಿಯುತ್ತೀಯ ಎನ್ನುತ್ತಾರೆ ಗೆಳತಿಯರು. ಏನು ಮಾಡಲಿ?

ಉತ್ತರ: ಮೊದಲು ಪದವಿಯ ವಿಚಾರ. ಎರಡೂ ಕಾಲೇಜುಗಳು ತಮ್ಮದೇ ಪಠ್ಯ ರೂಪಿಸಿಕೊಳ್ಳುವ ಸ್ವಾಯತ್ತ ಸಂಸ್ಥೆಗಳಾಗಿರದೆ, ಕೋಲಾರದ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ಎರಡೂ ಕಡೆ ಪಠ್ಯವೂ ಒಂದೇ, ಪ್ರಮಾಣಪತ್ರವೂ ಒಂದೇ. ಇದನ್ನು ವಿಚಾರಿಸಿಕೊಳ್ಳಿ.

ಗೆಳತಿಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಹಶಿಕ್ಷಣದ ಎಷ್ಟೋ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಅಧ್ಯಕ್ಷತೆ ಹುಡುಗರಿಗೂ, ಪ್ರಾರ್ಥನೆ, ರಂಗೋಲಿ, ಅತಿಥಿಗಳಿಗೆ ಹೂಗುಚ್ಛ ಕೊಡುವ ಕೆಲಸ ಹುಡುಗಿಯರಿಗೂ ಯಾರೂ ಹೇಳದೆಯೇ ಹಂಚಿಕೆಯಾಗಿಬಿಡುತ್ತದೆ. ಮಹಿಳಾ ಕಾಲೇಜಿನಲ್ಲಿ ಆ ಹಂಚಿಕೆಗೆ ಅವಕಾಶವೇ ಇಲ್ಲ. ಶಾಮಿಯಾನದವರೊಡನೆ ಚೌಕಾಸಿ ಮಾಡುವುದು, ಎನ್‌ಎಸ್‌ಎಸ್ ಶಿಬಿರದ ಖರ್ಚಿನ ಲೆಕ್ಕ ಬರೆಯುವುದು, ವೇದಿಕೆಯಲ್ಲಿ ಪ್ರಾಂಶುಪಾಲರನ್ನು ಪ್ರಶ್ನಿಸುವುದು, ಎಲ್ಲವನ್ನೂ ಹುಡುಗಿಯರೇ ಮಾಡಬೇಕು. ಆದರೆ ಹಿಂದಿನ ಬೆಂಚಿನಲ್ಲಿ ಮೂರು ವರ್ಷ ಕುಳಿತು ಬಂದವಳಿಗೆ ಇದರಿಂದ ಏನೂ ದಕ್ಕದು. 21 ದೇಶಗಳ 184 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದಕ್ಕೆ, ಹುಡುಗ, ಹುಡುಗಿಯರ ಪ್ರತ್ಯೇಕ ಶಾಲೆಗಳಿಂದಲೇ ಹೇಳಿಕೊಳ್ಳುವಂಥ ಹೆಚ್ಚಿನ ಲಾಭವಿದೆ ಎನ್ನಲು ಗಟ್ಟಿಯಾದ ಆಧಾರ ಕಾಣಲಿಲ್ಲ. ಅದು ಶಾಲೆಗಳ ಕುರಿತದ್ದಾದರೂ, ಕಾಲೇಜಿನ ಹೆಸರಿನ ಬೋರ್ಡಿನ ಮೇಲೆ ಅತಿಯಾದ ಭಾರ ಹೊರಿಸಬಾರದೆಂಬುದಕ್ಕೆ ಸಾಕು. ಸಂಘದ ಖಜಾಂಚಿಯ ಹೊಣೆಯನ್ನು ನೀವೇ ಕೇಳಿ ಪಡೆಯಿರಿ, ಸಿ.ಎ. ಆಗಬಯಸುವವರಿಗೆ ಅದಕ್ಕಿಂತ ಒಳ್ಳೆಯ ಆರಂಭ ಬೇರೊಂದಿಲ್ಲ.

ಗಂಡಸರೊಡನೆ ಕೆಲಸ ಮಾಡುವ ಅಭ್ಯಾಸವನ್ನು ನಿಮ್ಮ ವೃತ್ತಿಯೇ ಕಲಿಸುತ್ತದೆ. ಪಿಯುಸಿ ಆದವರು ಸಿ.ಎ.ಯ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆ ಬರೆಯಬಹುದು. ಅದನ್ನು ಬಿಟ್ಟರೂ ಬಿ.ಕಾಂ.ನಲ್ಲಿ ಶೇ 55 ಅಂಕ ಪಡೆದವರಿಗೆ ನೇರವಾಗಿ ಎರಡನೇ ಹಂತವಾದ ಇಂಟರ್‌ಮೀಡಿಯಟ್‌ಗೆ ನೋಂದಾಯಿಸುವ ಅವಕಾಶವಿದೆ. ಅದು ಮುಗಿದ ನಂತರದ ಎರಡು ವರ್ಷದ ಆರ್ಟಿಕಲ್‌ಶಿಪ್‌ನಲ್ಲಿ, ಅಂದರೆ ಸಿ.ಎ. ಒಬ್ಬರ ಕೈಕೆಳಗಿನ ಕೆಲಸದ ತರಬೇತಿಯಲ್ಲಿ, ಕಂಪನಿಯಿಂದ ಕಂಪನಿಗೆ ಹೋಗಿ, ನಿಮಗಿಂತ ಇಪ್ಪತ್ತು ವರ್ಷ ದೊಡ್ಡವರಾದ ಮ್ಯಾನೇಜರುಗಳಿಂದ ವೋಚರು ಕೇಳಿ ಪಡೆಯಬೇಕಾಗುತ್ತದೆ. ಅಲ್ಲಿ ನೀವು ಓದಿದ ಕಾಲೇಜು ಯಾವುದೆಂದು ಯಾರೂ ಕೇಳುವುದಿಲ್ಲ.

ನಿಜವಾದ ತೊಡಕು ಅಪ್ಪನವರ ಪಟ್ಟಿನಲ್ಲಿದೆ. ಅಪ್ಪನವರ ಅಳುಕು ದಿನವೂ ರೈಲಿನಲ್ಲಿ ಓಡಾಡುವುದರ ಬಗ್ಗೆಯೋ, ಅಥವಾ ಮಗಳು ಕೋಲಾರ ದಾಟಿ ಹೋಗುವುದರ ಬಗ್ಗೆಯೋ? ಮೊದಲನೆಯದಾದರೆ ಅವರ ಮಾತಿಗೆ ಒಪ್ಪಿಕೊಳ್ಳಿ. ಕೋಲಾರಕ್ಕೆ ಸರ್ಕಾರಿ ಬಸ್ಸಿನ ಪ್ರಯಾಣ ಶಕ್ತಿ ಯೋಜನೆಯಿಂದ ಉಚಿತ, ಖಾಸಗಿ ಕಾಲೇಜಿಗೆ ಕಟ್ಟಬೇಕಿದ್ದ ಹಣ ಸಿ.ಎ. ತರಬೇತಿಗೆ ಉಳಿಯುತ್ತದೆ. ಎರಡನೆಯದಾದರೆ ಇಂದು ನೀವು ಬಿಟ್ಟುಕೊಟ್ಟ ಮಾತು ಮೂರು ವರ್ಷದ ನಂತರ ಆರ್ಟಿಕಲ್‌ಶಿಪ್‌ಗೂ ಅಡ್ಡ ಬರುತ್ತದೆ. ಆದ್ದರಿಂದ ಕೋಲಾರದ ಕಾಲೇಜಿಗೆ ಅರ್ಜಿ ಹಾಕುವ ಮುನ್ನವೇ, ಡಿಗ್ರಿ ಮುಗಿದ ಮೇಲೆ ಬೆಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ತರಬೇತಿ ಪಡೆಯಲು ಕಳಿಸುತ್ತೀರಾ ಎಂದು ಅಪ್ಪನನ್ನು ಕೇಳಿ; ಆ ಮಾತು ಅಮ್ಮನ ಎದುರಿಗೇ ಆಗಲಿ.