ರೆಟಿನಾಲ್ ಆಗಿಬರದ ಮುಖಕ್ಕೆ ಬಾವಂಚಿ ಎಣ್ಣೆ ಹಚ್ಚಬಹುದಾ?

ನಿಮಗೆ 42 ವರ್ಷ. ಸುಕ್ಕಿಗೆ ಅಂತ ಹಚ್ಚುವ, ವಿಟಮಿನ್ ಎ ಜಾತಿಯ ರೆಟಿನಾಲ್ ಹಚ್ಚಿದರೆ ಮುಖ ಉರಿದು ಕೆಂಪಾಗುತ್ತದೆ. ಅದರ ಬದಲು ಹಚ್ಚುವ ಬಾಕುಚಿಯಾಲ್ ಸೀರಮ್ ದುಬಾರಿ. ಅದು ಬರುವುದೇ ಬಾವಂಚಿ ಬೀಜದಿಂದ ಅಂದಮೇಲೆ ಗ್ರಂಥಿಗೆ ಅಂಗಡಿಯ ಬಾವಂಚಿ ಎಣ್ಣೆಯನ್ನೇ ಹಚ್ಚಬಾರದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಇದೇ ಜಾಣತನವನ್ನು ನಾನೂ ಮಾಡಿದ್ದೆ.

ಮೂರು ವರ್ಷದ ಹಿಂದಿನ ಮಾತು. ನನಗಾಗ 45. ಕಣ್ಣಿನ ಪಕ್ಕ ಗೆರೆಗಳು ಕಾಣತೊಡಗಿದ್ದವು. ನನ್ನದು ಮೊದಲಿನಿಂದಲೂ ನಾಜೂಕು ಚರ್ಮ, ಹೊಸ ಸೋಪು ಹಾಕಿದರೂ ಕೆರೆತ. 'ಗಿಡದಿಂದ ಬಂದದ್ದು' ಅನ್ನುವ ಧೈರ್ಯದಲ್ಲಿ ಬಾವಂಚಿ ಎಣ್ಣೆಗೆ ಕೊಬ್ಬರಿ ಎಣ್ಣೆ ಬೆರೆಸಿ ರಾತ್ರಿ ಹಚ್ಚಿಕೊಂಡು ಮಲಗಿದೆ. ಬೆಳಿಗ್ಗೆ ಸುಮ್ನೆ ನೀರಲ್ಲಿ ಮುಖ ತೊಳೆದು ಸ್ಕೂಟರ್ ಹತ್ತಿ ಆಫೀಸಿಗೆ ಹೋದೆ. ಅವತ್ತು ಏನೂ ಆಗಲಿಲ್ಲ, ಅದೇ ಮೋಸ. ಮಾರನೇ ದಿನ ಸಂಜೆ ಕೆನ್ನೆ ಕೆಂಡದಂತಾಯಿತು. ಮೂರನೇ ದಿನ ನೀರ್ಗುಳ್ಳೆ. ಗುಳ್ಳೆ ವಾರದಲ್ಲಿ ಒಣಗಿತು, ಆದರೆ ಕಂದು ಕಲೆ ಹೋಗಲು ಏಳೆಂಟು ತಿಂಗಳು ಹಿಡಿಯಿತು. ಗೆರೆಗಳು ಮಾತ್ರ ಇದ್ದಲ್ಲೇ ಇದ್ದವು.

ಚರ್ಮದ ಡಾಕ್ಟರು ಬಾವಂಚಿ ಹೆಸರು ಕೇಳಿದ ಕೂಡಲೇ ತಲೆ ಚಚ್ಚಿಕೊಂಡರು. ಆ ಬೀಜದಲ್ಲಿ ಬಾಕುಚಿಯಾಲ್ ಒಂದೇ ಇಲ್ಲ, ಸೋರಾಲೆನ್ ಅನ್ನುವುದೂ ಇದೆ. ಅದು ಚರ್ಮದ ಮೇಲಿದ್ದಾಗ ಬಿಸಿಲಿನ ಯುವಿಎ ಕಿರಣ ಬಿದ್ದರೆ ಸುಡುತ್ತದೆ, ಅದೂ ಒಂದೆರಡು ದಿನ ತಡವಾಗಿ. ತೊನ್ನಿಗೆ ಬಾವಂಚಿ ಬಳಸುತ್ತಿದ್ದದ್ದು ಇದೇ ಗುಣಕ್ಕಾಗಿ. ಬಿಳಿ ಜಾಗಕ್ಕೆ ಹಚ್ಚಿ, ಲೆಕ್ಕ ಹಾಕಿ ಬಿಸಿಲು ತೋರಿಸಿ, ಬಣ್ಣ ಬರಿಸುವುದು. ನಾನು ಕಲೆ ಬರಿಸುವ ಔಷಧಿಯನ್ನೇ ಹುಡುಕಿ ತಂದು ಹಚ್ಚಿಕೊಂಡಿದ್ದೆ! ನಿಂಬೆಹಣ್ಣಿನಲ್ಲೂ ಇದೇ ಜಾತಿಯ ಪದಾರ್ಥ ಇದೆ. ಹಾಗಾಗಿ ನಿಂಬೆರಸ, ಕಡಲೆಹಿಟ್ಟಿನ ಲೇಪವೂ ನಿಮ್ಮಂಥ ಚರ್ಮಕ್ಕೆ ಬೇಡ.

ಸೀರಮ್‌ನಲ್ಲಿರುವುದು ಬೇರ್ಪಡಿಸಿ ಶುದ್ಧ ಮಾಡಿದ ಬಾಕುಚಿಯಾಲ್. ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ 2019ರಲ್ಲಿ ಒಂದು ಪರೀಕ್ಷೆಯ ವಿವರ ಬಂದಿತ್ತು. 44 ಜನ, 12 ವಾರ. ಕೆಲವರಿಗೆ ಶೇಕಡಾ 0.5ರ ಬಾಕುಚಿಯಾಲ್ ದಿನಕ್ಕೆರಡು ಸಲ, ಉಳಿದವರಿಗೆ ಅಷ್ಟೇ ಪ್ರಮಾಣದ ರೆಟಿನಾಲ್ ದಿನಕ್ಕೊಂದು ಸಲ. ಸುಕ್ಕು, ಕಲೆ ಎರಡೂ ಕಡೆ ಕಡಿಮೆಯಾದವು. ಉರಿ, ಸಿಪ್ಪೆ ಏಳುವುದು ರೆಟಿನಾಲ್ ಹಚ್ಚಿದವರಿಗೇ ಜಾಸ್ತಿ. ಒಳ್ಳೆಯ ಸುದ್ದಿಯೇ, ಆದರೆ 44 ಜನ ಅಂದರೆ ಒಂದು ಬಸ್ಸಿನಷ್ಟು ಜನ ಅಷ್ಟೇ. ರೆಟಿನಾಲ್ ಬಳಗದ ಟ್ರೆಟಿನಾಯಿನ್ ಬಿಸಿಲಿಗೆ ಮುಪ್ಪಾದ ಚರ್ಮವನ್ನು ಸುಧಾರಿಸುತ್ತದೆ ಎಂದು ಅಮೆರಿಕದ ಚರ್ಮದ ಡಾಕ್ಟರು ಆಲ್ಬರ್ಟ್ ಕ್ಲಿಗ್ಮನ್ ಅವರ ತಂಡ ತೋರಿಸಿದ್ದು 1986ರಲ್ಲಿ. ಅದಕ್ಕಿರುವಷ್ಟು ವರ್ಷಗಳ ಅನುಭವ ಬಾಕುಚಿಯಾಲ್‌ಗೆ ಇನ್ನೂ ಇಲ್ಲ.

ಆದರೆ ಈಗಲೇ ಸೀರಮ್ ಕೊಳ್ಳಲು ಓಡಬೇಡಿ. ಮುಖ ಉರಿಯುತ್ತಿದೆ ಅಂದರೆ ಚರ್ಮದ ಮೇಲಿನ ಪದರ ಕೆಟ್ಟಿದೆ ಅಂತ. ಒಂದೂವರೆ ತಿಂಗಳು ಎಲ್ಲ ಬಿಟ್ಟುಬಿಡಿ. ಬೆಳಿಗ್ಗೆ ಬರೀ ನೀರು. ರಾತ್ರಿ ನೊರೆ ಕಡಿಮೆ ಬರುವ, ಪರಿಮಳವಿಲ್ಲದ ಫೇಸ್‌ವಾಶ್. ಮುಖ ಇನ್ನೂ ಹಸಿ ಇರುವಾಗಲೇ ಗ್ಲಿಸರಿನ್, ಸೆರಮೈಡ್ (ಚರ್ಮದಲ್ಲೇ ಇರುವ ಒಂದು ಬಗೆಯ ಜಿಡ್ಡು) ಇರುವ ಸಾದಾ ಕ್ರೀಮ್. ಮುಖದ ಮೇಲೆ 'ನ್ಯಾಚುರಲ್' ಎಣ್ಣೆಗಳ ಪ್ರಯೋಗ ಬೇಡ. ಪರಿಮಳದ ಎಣ್ಣೆಗಳಿಗೆ ಅಲರ್ಜಿ ಆಗುವವರು ಬೇಕಾದಷ್ಟಿದ್ದಾರೆ.

ಇದರ ಜೊತೆಗೆ ಸನ್‌ಸ್ಕ್ರೀನ್. ಸುಕ್ಕಿನ ಮಟ್ಟಿಗೆ ನಾನು ದುಡ್ಡು ಹಾಕುವುದು ಮೊದಲು ಇದಕ್ಕೇ. ಆಸ್ಟ್ರೇಲಿಯಾದ ನ್ಯಾಂಬೋರ್ ಊರಿನಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ನೋಡಿ 2013ರಲ್ಲಿ ವರದಿ ಪ್ರಕಟಿಸಿದರು. ದಿನಾ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇಕಡಾ 24ರಷ್ಟು ಕಡಿಮೆ ಮುಪ್ಪಾಗಿತ್ತು. ನಾಜೂಕು ಚರ್ಮಕ್ಕೆ ಜಿಂಕ್ ಆಕ್ಸೈಡ್ ಇರುವುದು ಸಾಮಾನ್ಯವಾಗಿ ಒಗ್ಗುತ್ತದೆ. ಸುಣ್ಣ ಬಳಿದ ಹಾಗೆ ಕಾಣುತ್ತದೆ ಅನ್ನುವುದೊಂದೇ ನಮ್ಮ ಬಣ್ಣದವರ ಗೋಳು. ಅದಕ್ಕೆ ಐರನ್ ಆಕ್ಸೈಡ್ ಸೇರಿಸಿದ ಕಂದು ಬಣ್ಣದ್ದು ಸಿಗುತ್ತದೆ, ಬಂಗು ಇದ್ದವರಿಗೆ ಅದೇ ಹೆಚ್ಚು ಉಪಯೋಗ. ಎರಡು ಬೆರಳುದ್ದ ಹಿಂಡಿಕೊಂಡರೆ ಮುಖ, ಕತ್ತಿಗೆ ಸಾಕು. ಬೊಟ್ಟಿನಷ್ಟು ಹಚ್ಚಿದರೆ ದಂಡ.

ಉರಿ ಪೂರ್ತಿ ನಿಂತ ಮೇಲೆ ಬೇಕಿದ್ದರೆ ಬಾಕುಚಿಯಾಲ್ ಸೀರಮ್ ತನ್ನಿ. ಕಿವಿಯ ಕೆಳಗೆ ದವಡೆಯ ಹತ್ತಿರ ಹತ್ತು ದಿನ ಹಚ್ಚಿ ನೋಡಿ, ಏನೂ ಆಗದಿದ್ದರೆ ಮುಖಕ್ಕೆ. ಒಂದು ಸಲಕ್ಕೆ ಒಂದೇ ಹೊಸ ವಸ್ತು. ರೆಟಿನಾಲ್ ಆಸೆಯನ್ನೂ ಪೂರ್ತಿ ಬಿಡಬೇಕಿಲ್ಲ. ನನಗೆ ಈಗ ಆಗಿಬರುತ್ತಿದೆ. ಶೇಕಡಾ 0.1ರದ್ದು, ಬಟಾಣಿ ಕಾಳಿನಷ್ಟು, ವಾರಕ್ಕೆರಡು ರಾತ್ರಿ, ಕೆಳಗೂ ಮೇಲೂ ಕ್ರೀಮ್. ಗೆರೆ ಮಾಯವಾಗಿಲ್ಲ, ಸ್ವಲ್ಪ ತೆಳುವಾಗಿವೆ. ಬಸುರಿಯರು ಮಾತ್ರ ರೆಟಿನಾಲ್ ಮುಟ್ಟಬಾರದು.

ಕೆಂಪಾಗಿದೆ ಅಂತ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಟ್ಯೂಬ್ ತರಬೇಡಿ. ಎರಡೇ ದಿನದಲ್ಲಿ ಮುಖ ಹೊಳೆದರೆ ಅದರಲ್ಲಿ ಸ್ಟೀರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಬಿಟ್ಟರೆ ಮತ್ತೆ ಉರಿ. ಖಾರ ತಿಂದಾಗ, ಬಿಸಿಲಿಗೆ ಹೋದಾಗಲೆಲ್ಲ ಕೆನ್ನೆ ಕೆಂಪಾಗುತ್ತಿದ್ದರೆ ಅದು ರೊಸೇಷಿಯಾ ಅನ್ನುವ ಚರ್ಮದ ಕಾಯಿಲೆ ಇರಬಹುದು, ಡಾಕ್ಟರಿಗೇ ತೋರಿಸಿ.

ಬಾವಂಚಿ ಎಣ್ಣೆ ಆಗಲೇ ತಂದಿಟ್ಟಿದ್ದೀರಾ? ದುಡ್ಡು ಹಾಳಾಗುತ್ತದೆ ಅಂತ ತಲೆಗೆ ಹಚ್ಚಬೇಡಿ. ಬೆವರಿನ ಜೊತೆ ಹಣೆಗೆ ಇಳಿಯುತ್ತದೆ.