ಆ ತೊಡೆಮೂಳೆಯನ್ನು ಒಬ್ಬನೇ ಹೊತ್ತನೇ?

ಪ್ರಿಯ ಲೇಖಕರಿಗೆ,

1876ರ ಬೇಸಿಗೆಯಲ್ಲಿ ಅಮೆರಿಕದ ಮೊಂಟಾನಾದಲ್ಲಿ ಡೈನೊಸಾರ್ ಮೂಳೆ ಹುಡುಕುವವರ ಕಥೆ ಹೇಳುವ ನಿಮ್ಮ ಕಾದಂಬರಿಯನ್ನು ಎರಡು ರಾತ್ರಿ ಕುಳಿತು ಓದಿದೆ. ವಸ್ತು ಹೊಸದು. ಕುದುರೆಗಳ ವರ್ಣನೆ ಚೆನ್ನಾಗಿದೆ. ನನ್ನ ಸಿಟ್ಟೆಲ್ಲ ಏಳನೆಯ ಅಧ್ಯಾಯದ ಮೇಲೆ.

‘ಟೈರನೊಸಾರಸ್!’ ಎಂದು ನಾಯಕ ಕೂಗುತ್ತಾನೆ. ಆ ಹೆಸರು ಹುಟ್ಟಿದ್ದೇ 1905ರಲ್ಲಿ. ಇವನ ಕಿವಿಯಲ್ಲಿ ಯಾರು ಊದಿದರು? ಸಿಕ್ಕಿದ ಹಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಯಾವ ಪ್ರಾಣಿಯದೋ ಎಂದು ತಡಕಾಡುವುದೇ ಆ ಕಾಲದವರ ಪಾಡಾಗಿತ್ತು. ಎಡ್ವರ್ಡ್ ಕೋಪ್‌ನಂಥ ಪಂಡಿತನೇ ಎಲಾಸ್ಮೊಸಾರಸ್ ಎಂಬ ಕಡಲಪ್ರಾಣಿಯ ತಲೆಯನ್ನು ಬಾಲದ ತುದಿಗೆ ಜೋಡಿಸಿದ್ದ. ನಿಮ್ಮ ನಾಯಕ ಮಾತ್ರ ತಪ್ಪುವುದೇ ಇಲ್ಲ.

ಮುಂದಿನ ಸಾಲು: ‘ಒಂದೇ ರಾತ್ರಿಯಲ್ಲಿ ಇಡೀ ಅಸ್ಥಿಪಂಜರವನ್ನು ಅಗೆದು ತೆಗೆದರು.’ ಅದರ ಮುಂದಿನದು: ‘ತೊಡೆಮೂಳೆಯನ್ನು ಹೆಗಲ ಮೇಲೆ ಹೊತ್ತು ನಡೆದ.’ ಸ್ವಾಮಿ, ಅದು ಕಲ್ಲಾದ ಮೂಳೆ. ಭಾರ ಬಂಡೆಯದು, ಆದರೆ ಮೈಯೆಲ್ಲ ಬಿರುಕು. ಪಿಕಾಸಿ ತಪ್ಪಿ ತಾಗಿದರೆ ಚೂರುಚೂರು. ಅದೇ ಬೇಸಿಗೆಯಲ್ಲಿ ಮೊಂಟಾನಾದ ಜೂಡಿತ್ ನದಿಯ ಸೀಮೆಯಲ್ಲಿ ಕೋಪ್ ಮತ್ತು ಚಾರ್ಲ್ಸ್ ಸ್ಟರ್ನ್‌ಬರ್ಗ್ ಏನು ಮಾಡಿದರು ಗೊತ್ತೇ? ಅಕ್ಕಿಯನ್ನು ಅಂಟಾಗುವವರೆಗೆ ಬೇಯಿಸಿ, ಬಟ್ಟೆಯ ಪಟ್ಟಿಗಳನ್ನು ಅದರಲ್ಲಿ ಅದ್ದಿ ಮೂಳೆಗೆ ಸುತ್ತಿದರು. ಗಂಜಿ! ಜೂನ್ ಕೊನೆಯಲ್ಲಷ್ಟೇ ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟಾ ಮತ್ತು ಶಯೆನ್ ಮೂಲನಿವಾಸಿ ಯೋಧರು ಅಮೆರಿಕದ ಸೇನಾಧಿಕಾರಿ ಕಸ್ಟರನನ್ನೂ ಅವನ ಜೊತೆಗಿದ್ದ ತುಕಡಿಯನ್ನೂ ಮುಗಿಸಿದ್ದರು. ಅಂಥ ಹೊತ್ತಿನಲ್ಲಿ ಆ ನಾಡಿನಲ್ಲಿ ಒಲೆ ಹೂಡಿ ಮೂಳೆಗಾಗಿ ಅಕ್ಕಿ ಬೇಯಿಸುವ ಇಬ್ಬರು. ಇಂಥದ್ದನ್ನು ಕೈಬಿಟ್ಟು ಹನ್ನೊಂದು ಪುಟ ಗುಂಡಿನ ಕಾಳಗ ಬರೆದಿದ್ದೀರಲ್ಲ!

ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಬಾವಿ ತೋಡುವವರ ಕಥೆಯೊಂದನ್ನು ಬರೆದು ಹಿರಿಯ ಸಂಪಾದಕರ ಮುಂದಿಟ್ಟಿದ್ದೆ. ಓದಿ ಮುಗಿಸಿ, ಕನ್ನಡಕ ತೆಗೆದು, ‘ತೋಡಿದ ಮಣ್ಣನ್ನು ಎಲ್ಲಿ ಹಾಕಿದರಪ್ಪಾ?’ ಎಂದರು. ಉತ್ತರವಿರಲಿಲ್ಲ. ಮೂರು ದಿನ ಅವರ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಊರಿಗೆ ಹೋಗಿ ಬಾವಿಯ ದಂಡೆಯಲ್ಲಿ ಕುಳಿತೆ. ಮೇಲೆ ನಿಂತು ಮಣ್ಣಿನ ಬುಟ್ಟಿ ಎಳೆಯುತ್ತಿದ್ದವಳ ಅಂಗೈಯಲ್ಲಿ ಹಗ್ಗದ ಗೀರುಗಳಿದ್ದವು; ನನ್ನ ಕಥೆಯಲ್ಲಿ ಅವಳೇ ಇರಲಿಲ್ಲ.

ಏಳನೆಯ ಅಧ್ಯಾಯವನ್ನಷ್ಟೇ ಮತ್ತೆ ಬರೆದು ಕಳುಹಿಸಿ. ಅಕ್ಕಿ ಬೇಯಿಸಿದವರು ಯಾರು, ನೀರು ಎಲ್ಲಿಂದ ತಂದರು ಎಂಬುದು ಅದರಲ್ಲಿರಲಿ.