ಲೇಸರ್‌ನಲ್ಲಿ ಕತ್ತರಿಸಿದ ಪೆಟ್ಟಿಗೆ ಸಡಿಲವಾಗುವುದೇಕೆ?

ಪ್ರಶ್ನೆ: ಪ್ಲೈವುಡ್ ಪೆಟ್ಟಿಗೆಯ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಕರಾರುವಾಕ್ಕಾಗಿ ರಚಿಸಿ ಲೇಸರ್‌ನಿಂದ ಕತ್ತರಿಸಿದರೂ ಹಲ್ಲುಗಳು ಕಚ್ಚಿಕೊಳ್ಳುತ್ತಿಲ್ಲ, ಕೆಲವು ಅಂಚುಗಳು ಮಾತ್ರ ವಿಪರೀತ ಕಪ್ಪಾಗಿವೆ. ಕಾರಣವೇನು?

ಉತ್ತರ: ಲೇಸರ್ ಕಿರಣವು ಗೆರೆಯುದ್ದಕ್ಕೂ ಒಂದಿಷ್ಟು ಮರವನ್ನು ಸುಟ್ಟುಹಾಕುವುದರಿಂದ ಹಲ್ಲು ಕಿರಿದಾಗಿ, ಅದು ಕೂರಬೇಕಾದ ಕಚ್ಚು ಅಗಲವಾಗುತ್ತದೆ. ಈ ಸೀಳಿನ ಅಗಲವನ್ನು ಊಹಿಸದೆ ಅಳೆಯುವುದೇ ಒಳ್ಳೆಯದು: 10 ಮಿ.ಮೀ. ಅಗಲದ 10 ತುಂಡುಗಳನ್ನು ಕತ್ತರಿಸಿ, ಒತ್ತಾಗಿ ಜೋಡಿಸಿ ಅಳೆದಾಗ 98 ಮಿ.ಮೀ. ಬಂದರೆ ಸೀಳು 0.2 ಮಿ.ಮೀ. ಎಂದಾಯಿತು, ಅದರ ಅರ್ಧದಷ್ಟು, ಅಂದರೆ 0.1 ಮಿ.ಮೀ., ಹೊರಗೆರೆಯನ್ನು ಹೊರಕ್ಕೂ ರಂಧ್ರಗಳ ಗೆರೆಯನ್ನು ಒಳಕ್ಕೂ ಸರಿಸಬೇಕು. ಹಲಗೆಯ ದಪ್ಪವನ್ನೂ ಅಳೆಯಿರಿ, 3 ಮಿ.ಮೀ. ಎಂದು ಮಾರುವ ಪ್ಲೈವುಡ್ ಅಷ್ಟೇ ಇರುತ್ತದೆಂಬ ನಂಬಿಕೆ ನನಗಂತೂ ಇಲ್ಲ. ಕಪ್ಪಾದ ಅಂಚುಗಳಲ್ಲಿ ಬಹುಶಃ ಒಂದರ ಮೇಲೊಂದು ಎರಡು ಗೆರೆಗಳಿದ್ದು, ಯಂತ್ರವು ಅಲ್ಲಿ ಎರಡು ಬಾರಿ ಕತ್ತರಿಸಿರಬೇಕು. ನಕಲು ಗೆರೆಗಳನ್ನು ಹುಡುಕಿ ಅಳಿಸಿ.